ಪೇಟಿ ಮಾಸ್ತರರ ಎಡಗೈ

ಸಿಂದಗಿಯಲ್ಲಿ ನಮ್ಮ ಓಣಿಯ ಭಜನಿ ಮಂದಿ ಹೊಸ ಪೇಟಿ, ಅಂದರೆ ಹಾರ್ಮೋನಿಯಂ, ತಂದರು. ಹಳೆಯದನ್ನು ಕಟ್ಟೆಯ ಮೇಲೆ ಬಿಸಾಕಿದ್ದರು. ಮುಚ್ಚಳ ತೆಗೆದೆ. ಹಳೇ ತೊಗಲು, ಕರ್ಪೂರದ ವಾಸನೆ ಮೂಗಿಗೆ ಹೊಡೆಯಿತು. ನಮ್ಮ ನಾಟಕ ಕಂಪನಿಯ ಪೇಟಿ ಮಾಸ್ತರರು ನೆನಪಾದರು. ಇಲಿ ತೊಗಲು ಕಡಿಯಬಾರದೆಂದು ಅವರೂ ಪೇಟಿಯೊಳಗೆ ಕರ್ಪೂರ ಇಡುತ್ತಿದ್ದರು.

ಮಾಸ್ತರರು ಗೋವಾದವರು. ಆಗ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಅಲ್ಲಿಂದ ಮುಂಬೈಗೆ ಬಂದು ದೊಡ್ಡ ಹೋಟೆಲಿನಲ್ಲಿ ಪಿಯಾನೋ ಬಾರಿಸುತ್ತಿದ್ದರಂತೆ. ಆ ಸಂಗೀತಕ್ಕೆ ಜಾಝ್ ಅನ್ನುತ್ತಾರೆ ಎಂದು ಅವರೇ ಹೇಳಿದ್ದು. ಸರಕಾರ ದಾರೂ ಬಂದ್ ಮಾಡಿತು, ಹೋಟೆಲಿನ ಕುಣಿತವೂ ಬಂದಾಯಿತು. ಅಲ್ಲಿ ಇಲ್ಲಿ ತಿರುಗಿ ಕಡೆಗೆ ನಮ್ಮ ಕಂಪನಿಗೆ ಬಂದು ಬಿದ್ದರು. ನನ್ನ ಗಂಡ ಅಲ್ಲಿ ತಬಲಾ ಬಾರಿಸುತ್ತಿದ್ದ. ನಾನು ಅಡಿಗೆ ಮಾಡುತ್ತಿದ್ದೆ.

ಕಂಪನಿಯಲ್ಲಿದ್ದದ್ದು ಕಾಲಪೇಟಿ. ಕಾಲಲ್ಲಿ ಗಾಳಿ ತುಳಿಯುವುದು, ಎರಡೂ ಕೈ ಖಾಲಿ. ಬಲಗೈಯಲ್ಲಿ ನಮ್ಮ ನಾಟಕದ ಹಾಡು, ಎಡಗೈಯಲ್ಲಿ ಅವರ ಮುಂಬೈ. ಮೇಲೆ ಭೀಮಪಲಾಸ ರಾಗ ನಡೆದಿದ್ದರೆ ಕೆಳಗೆ ಆ ಎಡಗೈ ಕುಂಟು ಕುದುರೆಯ ಹಾಗೆ ಓಡುತ್ತಿತ್ತು... ಹೇಗೆ ಹೇಳಲಿ, ನನಗೆ ಅಷ್ಟು ಬರೆಯಲು ಬರುವುದಿಲ್ಲ. ಇಂಡಿ ಊರಿನಲ್ಲಿ ಜನ ವನ್ಸ್ ಮೋರ್ ಕೂಗಿ ಕೂಗಿ ಗಂಟಲು ಹರಿದುಕೊಂಡರು.

ಬೀಳಗಿ ಕಡೆಯಿಂದ ಬರುವಾಗ ಕೊಲ್ಹಾರದ ಹತ್ತಿರ ಕಾಲಪೇಟಿ ದೋಣಿಯಿಂದ ಜಾರಿ ಹೊಳೆಗೆ ಬಿತ್ತು. ಬಾಗೇವಾಡಿಯಲ್ಲಿ ಕಂಪನಿಯ ಮಾಲಕರು ಒಂದು ಕೈಪೇಟಿ ತಂದುಕೊಟ್ಟರು. ಒಂದು ಕೈ ಗಾಳಿಗೆ, ಒಂದು ಕೈ ಹಾಡಿಗೆ. ಮಾಸ್ತರರು ಒಂದು ಆಟ ಹಾಗೆ ಬಾರಿಸಿದರು. ಮರುದಿನ ಟ್ರಂಕು ಕಟ್ಟಿದರು.

"ಎಲ್ಲಾ ಮಾಸ್ತರ್ರೂ ಒಂದ ಕೈಲೆ ಬಾರಸ್ತಾರ್ರಿ. ನಿಮಗೇನ ಧಾಡಿ?" ಅಂದರು ಮಾಲಕರು.

"ಅವರಿಗೆ ಎಡಗೈ ಐತಿ ಅಂತನೇ ಗೊತ್ತಿಲ್ಲ, ಮಾಲಕರ. ನಂದು ಹೊಳಿಗೆ ಬಿತ್ತು."

ನಾನು ಕನ್ನೊಳ್ಳಿಯ ಕಂಬಾರನ ಮಗಳು. ಕುಲುಮೆಯ ತಿದಿ ಒತ್ತಿ ಬೆಳೆದವಳು. ಹಿಟ್ಟಿನ ಕೈ ತೊಳೆದುಕೊಂಡು ಹೋಗಿ ಪೇಟಿಯ ಆಚೆ ಬದಿಗೆ ಕೂತೆ. "ಗಾಳಿ ನಾ ಹಾಕತೇನಿ. ಎರಡೂ ಕೈಲೆ ಬಾರಸ್ರಿ," ಅಂದೆ.

ಮಾಲಕರು ಕೆರಳಿದರು. "ಹೆಣ್ಮಗಳು ಮುಂದ ಕುಂತ್ರ ಜನ ಆಟ ನೋಡತಾರೋ, ಈಕಿನ್ನ ನೋಡತಾರೋ?"

"ಟಿಕೀಟ ತಗೊಂಡಾರ. ಎರಡೂ ನೋಡ್ಲಿ," ಅಂದೆ.

ನನ್ನ ಗಂಡ ತಬಲಾದ ಮೇಲೆ ಬಗ್ಗಿ ನಗು ಮುಚ್ಚಿಕೊಂಡ.

ಗಾಳಿ ತಡವಾಗಿ ಬರುತ್ತದೆಂದು ಮಾಸ್ತರರು ಮೊದಲು ನನ್ನನ್ನು ಬೈದರು. ಅಪ್ಪ ಒಂದು ಕಬ್ಬಿಣ ಬಡಿಯುವಾಗ ಇನ್ನೊಂದು ಕುಲುಮೆಯಲ್ಲಿ ಕಾಯುತ್ತಿರುತ್ತಿತ್ತು. ಸುತ್ತಿಗೆಯ ಪೆಟ್ಟು ಬಿದ್ದ ಮೇಲೆ ತಿದಿ ಒತ್ತುವುದು ನನಗೆ ರೂಢಿ. ಇಲ್ಲೂ ತಬಲಾದ ಪೆಟ್ಟು ಬಿದ್ದ ಮೇಲೆ ಒಂಚೂರು ತಡೆದು ಜೋರಾಗಿ ಒತ್ತುತ್ತಿದ್ದೆ. ಸ್ವರ ಪೆಟ್ಟಿನ ಹಿಂದಿನಿಂದ ಜಿಗಿದು ಬರುತ್ತಿತ್ತು. ಬೈಯುತ್ತ ಬೈಯುತ್ತ ಅವರು ಪೇಟಿಗೆ ಕಿವಿಗೊಟ್ಟರು.

"ಬಾಯಿ, ಹಂಗ ಮತ್ತೊಮ್ಮೆ ಒತ್ರಿ."

ಮುಂಬೈಯಲ್ಲಿ ಹೀಗೆ ಪೆಟ್ಟಿನ ಹಿಂದೆ ಬಾರಿಸುವುದನ್ನು ಕಲಿಯಲು ಅವರಿಗೆ ವರ್ಷಗಟ್ಟಲೆ ಹಿಡಿಯಿತಂತೆ. ಅವತ್ತೇ ಟ್ರಂಕು ಬಿಚ್ಚಿದರು.

ಮುದ್ದೇಬಿಹಾಳದಲ್ಲಿ ಹೊಸ ಕಾಲಪೇಟಿ ಬಂತು. ನಾನು ತಿರುಗಿ ಒಲೆಯ ಮುಂದೆ ಹೋದೆ. ಒಂದು ಆಟ ಅದರಲ್ಲೇ ಆಯಿತು. ಮರುದಿನ ಮಾಸ್ತರರು ಕೈಪೇಟಿ ಎತ್ತಿಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

"ಬಾಯಿ, ನನ್ನ ಕಾಲಿಗೆ ಕಂಬಾರಕಿ ಬರೂದಿಲ್ಲ."

"ರೊಟ್ಟಿ ಯಾರ ಬಡೀಬೇಕ್ರಿ, ನಿಮ್ಮ ಎಡಗೈ?" ಅಂದೆ. ಆದರೂ ಎದ್ದು ಹೋದೆ.

ಟೂರಿಂಗ್ ಟಾಕೀಸು ಬಂದು ನಮ್ಮ ಡೇರೆ ಕೀಳುವ ತನಕ ಹಾಗೇ ನಡೆಯಿತು. ಅಷ್ಟರಲ್ಲಿ ಗೋವಾದಿಂದ ಪೋರ್ಚುಗೀಸರು ಹೋಗಿದ್ದರು. ಮಾಸ್ತರರು ಊರಿಗೆ ಹೊರಟರು. ಅಲ್ಲಿ ಚರ್ಚಿನಲ್ಲಿ ಬಾರಿಸುತ್ತಿದ್ದರು, ತೀರಿಕೊಂಡರು ಎಂದು ಕಂಪನಿಯ ಹಳಬನೊಬ್ಬ ಹೇಳಿದ. ಯಾವಾಗ ಅಂತ ಅವನಿಗೂ ಗೊತ್ತಿರಲಿಲ್ಲ...

ಕಟ್ಟೆಯ ಮೇಲಿನ ಪೇಟಿಯ ತಿದಿ ಒತ್ತಿ ನೋಡಿದೆ. ತೊಗಲು ಗಟ್ಟಿ ಇತ್ತು. ಗಾಳಿ ತುಂಬಿತು, ಸ್ವಲ್ಪ ಹೊತ್ತು ನಿಂತು ಮೆಲ್ಲಗೆ ಇಳಿಯಿತು.

ಭಜನಿಯವನೊಬ್ಬ ಒಳಗಿನಿಂದ ಕೂಗಿದ. "ಆಯಿ, ಅದು ಕೆಟ್ಟೈತಿ, ಬಿಡ್ರಿ."

"ಕೆಟ್ಟಿಲ್ಲೋ. ಬಾರಸವ್ರು ಇಲ್ಲ," ಅಂದೆ.