ಖಾಲಿ ಬರುತ್ತಿದ್ದ ಡಬ್ಬಿ

ನನ್ನ ತಂಗಿಯ ಮಗಳು ಊಟ ಬಿಟ್ಟಾಗ ನಾನು ಸಂತೋಷಪಟ್ಟಿದ್ದೆ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದನ್ನು ಬರೆಯಲು ನನಗೆ ಮುಖವಿರುವುದಿಲ್ಲ.

ತಂಗಿಯನ್ನು ಚಿಮ್ಮನಚೋಡಕ್ಕೆ ಕೊಟ್ಟಿದೆ. ಅವಳ ಮಗಳು ಶಹಾಬಾದಿನ ನಮ್ಮ ಮನೆಯಲ್ಲಿದ್ದುಕೊಂಡು ಕಲಬುರಗಿಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಿದ್ದಳು. ಶ್ರಾವಣದಲ್ಲಿ ನನ್ನ ಜೊತೆ ಸೋಮವಾರದ ಉಪವಾಸ ಹಿಡಿದಳು. ಶ್ರಾವಣ ಮುಗಿದರೂ ಅವಳು ಬಿಡಲಿಲ್ಲ. ಗುರುವಾರ ಸೇರಿತು, ಆಮೇಲೆ ಶನಿವಾರವೂ. ದೇವರು ನಮ್ಮ ಮನೆಗೆ ಭಕ್ತಿಯುಳ್ಳ ಕೂಸನ್ನೇ ಕಳಿಸಿದ್ದಾನೆ ಎಂದು ಓಣಿಯೆಲ್ಲ ಹೇಳಿಕೊಂಡು ಬಂದೆ.

"ಮದ್ವಿ ಮುಂಚೇನೇ ಇಷ್ಟು ಉಪಾಸ ಮಾಡಿದ್ರ, ಗಂಡ ಬಂದ ಮ್ಯಾಗ ಏನ್ ಮಾಡ್ತಾಳವ್ವಾ?" ಎಂದು ಎದುರುಮನೆಯವಳು ನಕ್ಕಳು.

ನಮ್ಮ ಮನೆಯವರಿಗೆ ಮಾತ್ರ ಸರಿಬರಲಿಲ್ಲ. "ಹೊಟ್ಟಿ ಕಟ್ಟು ಅಂತ ಶರಣರು ಎಲ್ಲಿ ಹೇಳ್ಯಾರ? ಹುಡುಗಿ ಮಾರಿ ನೋಡು, ಇಳದದ" ಎಂದರು. ನಾನು ಕೇಳಲಿಲ್ಲ.

ಒಂದು ಮಧ್ಯಾಹ್ನ ವಿಶ್ವವಿದ್ಯಾಲಯದಿಂದ ಫೋನ್ ಬಂತು. ಕಷ್ಟದಲ್ಲಿರುವ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಮೇಡಂ ಒಬ್ಬರು, ಮಾತಿನಲ್ಲೇ ಸೇಡಂ ಕಡೆಯವರೆಂದು ತಿಳಿಯಿತು.

"ಅಕ್ಕಾರ, ಹುಡುಗಿ ಆರಾಮ ಅದಾಳೇನ್ರಿ? ಮೂರು ವಾರ ಆಯ್ತು, ಕ್ಲಾಸಿಗೆ ಬಂದಿಲ್ಲ."

"ದಿನಾ ಬರ್ತಾಳಲ್ರಿ! ಇವತ್ತೂ ಡಬ್ಬಿ ಕಟ್ಟಿ ಕಳಿಸೀನಿ."

"ಇಲ್ಲಿಲ್ರಿ ಅಕ್ಕಾರ. ಮನಿಗೆ ಬಂದ ಮ್ಯಾಗ ಬೈಬ್ಯಾಡ್ರಿ. ಬರೇ ಕೇಳ್ರಿ."

ಸಂಜೆ ಅವಳು ಬಂದಾಗ ಡಬ್ಬಿ ತೆರೆದೆ. ಎಂದಿನಂತೆ ತೊಳೆದು ಸ್ವಚ್ಛವಾಗಿತ್ತು. ದಿನವೂ ಅದನ್ನು ನೋಡಿ, ಮಧ್ಯಾಹ್ನವಾದರೂ ಹೊಟ್ಟೆ ತುಂಬ ಉಂಡಿದ್ದಾಳೆ ಎಂದು ಕೈಮುಗಿಯುತ್ತಿದ್ದೆ. ಎಲ್ಲಿಗೆ ಹೋಗುತ್ತಿ ಎಂದು ಮೆಲ್ಲಗೆ ಕೇಳಿದೆ. "ವಾಡಿ" ಎಂದಳು. ಕಲಬುರಗಿ ಒಂದು ದಿಕ್ಕಿಗೆ, ವಾಡಿ ಇನ್ನೊಂದು ದಿಕ್ಕಿಗೆ. ದಿನವಿಡೀ ಅಲ್ಲಿಯ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ರೊಟ್ಟಿಯನ್ನು ನಾಯಿಗಳಿಗೆ ಹಾಕಿ, ನಳದಲ್ಲಿ ಡಬ್ಬಿ ತೊಳೆದುಕೊಂಡು ಬರುತ್ತಿದ್ದಳಂತೆ. ಲ್ಯಾಬಿನ ಕೆಲಸ ಎರಡು ಸಲ ಕೆಟ್ಟಿತ್ತು. ಮಾಸ್ತರರು ಎಲ್ಲರ ಎದುರು ಏನೋ ಅಂದಿದ್ದರು. ಆಮೇಲೆ ಲ್ಯಾಬಿನ ಬಾಗಿಲವರೆಗೂ ಹೋಗಲು ಅವಳಿಂದ ಆಗಲಿಲ್ಲ.

ಮಾರನೆಯ ದಿನ ಇಬ್ಬರೂ ಮೇಡಂ ಹತ್ತಿರ ಹೋದೆವು. ಮೊದಲು ಅವಳೊಬ್ಬಳ ಜೊತೆ ಮಾತಾಡಿ, ಅವಳನ್ನು ಕೇಳಿಕೊಂಡೇ ನನ್ನನ್ನು ಒಳಗೆ ಕರೆದರು.

"ಜೀವ ಬ್ಯಾಡ ಅನ್ನಿಸ್ತದ ಅಂತ ಆಕಿನೇ ಹೇಳ್ಯಾಳ್ರಿ. ಹೇಳಿದ್ದು ಛಲೋ ಆಯ್ತು. ನಾ ಡಾಕ್ಟರೂ ಅಲ್ಲ, ಮಾಸ್ತರೂ ಅಲ್ಲ. ಡಾಕ್ಟರು, ಮಾಸ್ತರ್ರು, ಮನಿಯವ್ರು, ಎಲ್ಲಾರ್ನೂ ಒಂದೇ ದಾರಕ್ಕ ಕಟ್ಟೋದು ನನ್ನ ಕೆಲಸ. ಒಬ್ಬರ ಕೈ ಸಡಲಾದ್ರ ಇನ್ನೊಬ್ಬರಿಗೆ ಗೊತ್ತಾಗಬೇಕು."

ಒಂದು ಹಾಳೆಯ ಮೇಲೆ ಯಾರು ಏನು ಮಾಡಬೇಕೆಂದು ಬರೆದರು. ವಾರಕ್ಕೊಮ್ಮೆ ಡಾಕ್ಟರು. ಹಾಜರಿಯ ವಿಷಯ, ಲ್ಯಾಬಿನ ವಿಷಯ ಮೇಡಂ ತಾವೇ ವಿಭಾಗದಲ್ಲಿ ಮಾತಾಡುವುದು. ನಾನು ಮುಂಜಾನೆ ಅವಳ ಜೊತೆ ಕೂತು ಉಣ್ಣುವುದು, ಗುಳಿಗೆಗಳನ್ನು ನನ್ನ ಕಪಾಟಿನಲ್ಲಿ ಇಡುವುದು. ಸಂಜೆ ರೈಲು ಹತ್ತಿದ ಕೂಡಲೆ ಅವಳು ನನಗೆ ಫೋನ್ ಮಾಡಬೇಕು. ಐದೂವರೆಯೊಳಗೆ ಫೋನ್ ಬರದಿದ್ದರೆ ನಾನು ತಕ್ಷಣ ಮೇಡಂಗೆ ಮಾಡಬೇಕು. "ಇನ್ನೊಂದು ಸ್ವಲ್ಪ ನೋಡೋಣ ಅನ್ನಬ್ಯಾಡ್ರಿ ಅಕ್ಕಾರ" ಎಂದು ಎರಡು ಸಲ ಹೇಳಿದರು.

ಹಾಳೆಯನ್ನು ಅಡುಗೆಮನೆಯ ಕಪಾಟಿನ ಒಳಬಾಗಿಲಿಗೆ ಅಂಟಿಸಿ, ಮನೆಯವರಿಗೂ ತೋರಿಸಿದೆ. ಒಂಬತ್ತು ದಿನ ಫೋನ್ ಸರಿಯಾಗಿ ಬಂತು. ಹತ್ತನೆಯ ದಿನ ಬರಲಿಲ್ಲ.

ಐದೂವರೆ ದಾಟಿತು. ರೈಲು ತಡವಾಗಿರಬೇಕು ಅಂದುಕೊಂಡೆ. ನಾನೇ ಮಾಡಿದರೆ ಅವಳು ಎತ್ತಲಿಲ್ಲ. ಮೇಡಂಗೆ ಹೇಳಿದರೆ ತಂಗಿಗೆ ತಿಳಿಯುತ್ತದೆ, ಓಣಿಗೆ ತಿಳಿಯುತ್ತದೆ, ಅಷ್ಟರಲ್ಲಿ ಹುಡುಗಿ ನಗುತ್ತ ಬಾಗಿಲಲ್ಲಿ ನಿಂತರೆ? ಪೂಜೆ ಮುಗಿಸಿ ಮಾಡಿದರಾಯಿತು ಎಂದು ವಿಭೂತಿ ಹಚ್ಚಿಕೊಂಡು ಕೂತೆ. ಹಾಗೆ ಕೂತದ್ದು ಭಕ್ತಿಯಿಂದಲ್ಲ, ಹೆದರಿಕೆಯಿಂದ.

ಎಡಗೈಯಲ್ಲಿ ಲಿಂಗ ಇಟ್ಟುಕೊಂಡ ಮೇಲೆ ಮಾತಾಡುವುದಿಲ್ಲ, ಏಳುವುದಿಲ್ಲ. ಗುಂಡಗುರ್ತಿಯ ನನ್ನ ತವರಿನಲ್ಲಿ ಅವ್ವ ಕಲಿಸಿದ್ದು. ಹಾಲು ಉಕ್ಕಿ ಒಲೆ ಆರಿದರೂ, ಅತ್ತೆ ಕೂಗಿದರೂ ನಾನು ಎದ್ದವಳಲ್ಲ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ನನ್ನನ್ನು ಕರೆಯುವುದಿಲ್ಲ. ಹುಡುಗಿಗೂ ಅದು ಗೊತ್ತು.

ಫೋನ್ ರಿಂಗಾಯಿತು. ಲಿಂಗದ ಮೇಲೆ ದೃಷ್ಟಿ ಊರಿ ಕೂತೆ. ದೃಷ್ಟಿ ನಿಲ್ಲಲಿಲ್ಲ. ಫೋನ್ ನಿಂತಿತು.

ಎರಡನೆಯ ಸಲ ರಿಂಗಾಯಿತು. ಬಲಗೈ ಚಾಚಿ ಎತ್ತಿದೆ.

"ಹೇಳವ್ವಾ."

ಹಿಂದೆ ರೈಲಿನ ಸದ್ದು ಕೇಳಿಸಿತು. "ದೊಡ್ಡವ್ವಾ, ಪೂಜಿಗಿ ಕುಂತಿಲ್ಲೇನು?"

"ಕುಂತೀನಿ. ಲಿಂಗ ಕೈಯಾಗೇ ಅದ."

"ಮತ್ತ ಎತ್ತಿದಿ?"

"ಎತ್ತೀನಿ."

ಅವಳು ಅಳಲು ಶುರು ಮಾಡಿದಳು. ಎಲ್ಲಿದ್ದಿ ಎಂದೆ. "ವಾಡಿ." ಮನೆಯವರು ಬಾಗಿಲಲ್ಲಿ ಬಂದು ನಿಂತಿದ್ದರು. ಅವರನ್ನು ನೋಡುತ್ತ "ವಾಡಿ ಸ್ಟೇಷನ್ನಿನಾಗ ಅದೀ ಏನು?" ಎಂದು ಗಟ್ಟಿಯಾಗಿ ಕೇಳಿ, ಕಣ್ಣಿನಲ್ಲೇ ಕಪಾಟು ತೋರಿಸಿದೆ. ಅವರು ಹಾಳೆ ನೋಡಿ ತಮ್ಮ ಫೋನಿನಿಂದ ಮೇಡಂಗೆ ಕರೆ ಮಾಡಿದರು.

"ಬೆಂಚಿನ ಮ್ಯಾಲೆ ಗೋಡಿಗೆ ಆನಕೊಂಡು ಕುಂದ್ರು. ಕುಂತಿ? ಈಗ ಡಬ್ಬಿ ತಗಿ. ಏನದ ಹೇಳು."

"ನೀನೇ ಕಟ್ಟಿದ್ದಿ..."

"ಮರತೀನವ್ವಾ. ಹೇಳು."

"ರೊಟ್ಟಿ. ಪುಂಡಿಪಲ್ಯ. ಶೇಂಗಾ ಹಿಂಡಿ."

"ಪಲ್ಯಕ್ಕ ಉಪ್ಪು ಸರಿ ಆಗ್ಯದೇನು? ತಿಂದು ಹೇಳು."

ಹೀಗೆ ಏನೇನೋ ಕೇಳಿದೆ. ಲಿಂಗವನ್ನು ಎದೆಗೆ ಒತ್ತಿ ಹಿಡಿದಿದ್ದೆ. ಎಷ್ಟು ಹೊತ್ತಾಯಿತೋ, ಆ ಕಡೆಯಿಂದ ಬೇರೊಂದು ಹೆಣ್ಣುದನಿ ಬಂತು.

"ಅಮ್ಮಾರ, ನಾ ರೈಲ್ವೆ ಪೊಲೀಸ್. ಆಕಿ ಬಾಜೂಕೇ ಕುಂತೀನ್ರಿ. ಇನ್ನ ಆಕಿನ್ನ ಬಿಟ್ಟು ಏಳಂಗಿಲ್ಲ. ನೀವು ಬರ್ರಿ, ಅವಸರ ಮಾಡಿ ದಾರ್ಯಾಗ ಬೀಳಬ್ಯಾಡ್ರಿ."

ಹುಡುಗಿ ಮೊದಲ ದಿನ ವಾಡಿ ಎಂದಾಗಲೇ ಮೇಡಂ ಈ ರೈಲ್ವೆ ಪೊಲೀಸಿನಾಕೆಯ ನಂಬರು ಹುಡುಕಿ ಫೈಲಿನಲ್ಲಿ ಬರೆದಿಟ್ಟಿದ್ದರಂತೆ. ನನ್ನ ಎಣಿಕೆಯಲ್ಲಿ ಅದು ದೇವರ ಕೆಲಸ, ಮೇಡಂ ಕೈಬರಹದಲ್ಲಿ.

ವಾಡಿಗೆ ಹೋಗಿ, ಅಲ್ಲಿಂದ ನೇರ ಅವಳನ್ನು ಕಲಬುರಗಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಅವಳು ನನಗೊಂದು ಮಾತು ಹೇಳಿದಳು. ಪೂಜೆಯ ಹೊತ್ತು, ದೊಡ್ಡವ್ವ ಎತ್ತುವುದಿಲ್ಲ ಎಂದು ಗೊತ್ತಿದ್ದೇ ಫೋನ್ ಮಾಡಿದ್ದಳಂತೆ. ನಾನು ಮಾಡಿದ್ದೆ, ದೊಡ್ಡವ್ವನೇ ಎತ್ತಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಲಿಕ್ಕೆ. ಮೊದಲ ಸಲ ನಾನು ಸುಮ್ಮನೆ ಕೂತದ್ದನ್ನು ಈಗಲೂ ಮರೆಯಲಾಗಿಲ್ಲ.

ಮರುದಿನ ಮೇಡಂ ಬಂದರು. ತಂಗಿಗೆ ಹುಡುಗಿಯೇ, ಮೇಡಂ ಪಕ್ಕದಲ್ಲಿರುವಾಗ, ಫೋನಿನಲ್ಲಿ ಎಲ್ಲ ಹೇಳಿದಳು. ನಾನು ತಡಮಾಡಿದ್ದನ್ನು ನಾನೂ ಒಪ್ಪಿಕೊಂಡೆ. ಮೇಡಂ ಬೈಯಲಿಲ್ಲ. ಹಾಳೆ ಹೊರಗೆ ತೆಗೆದು "ನಿಮ್ಮ ಪೂಜಾ ಎಷ್ಟೊತ್ತಿಗ್ರಿ? ಆ ಟೈಮಿಗೆ ನಿಮ್ಮ ಯಜಮಾನ್ರ ನಂಬರ್ ಬರೀಲೇನು?" ಎಂದರು.

"ಬ್ಯಾಡ್ರಿ. ಪೂಜಾದಾಗಿದ್ರೂ ದೊಡ್ಡವ್ವ ಎತ್ತತಾಳ ಅಂತ ಬರೀರಿ."

ಹುಡುಗಿ ತಲೆ ಎತ್ತಿ ನನ್ನನ್ನು ನೋಡಿದಳು. ಮೇಡಂ ಹಾಗೆಯೇ ಬರೆದರು.

ಪರೀಕ್ಷೆಯ ಎರಡು ಪೇಪರು ಮುಂದಿನ ಸಲಕ್ಕೆ ಹೋದವು, ಎರಡನ್ನು ಬರೆದಳು. ಈಗಲೂ ಕೆಲವು ದಿನ ಬೆಳಿಗ್ಗೆ ಏಳುವುದೇ ಅವಳಿಗೆ ಕಷ್ಟ. ಸಂಜೆ ಐದಾದರೆ ನನ್ನ ಕಣ್ಣು ಗಡಿಯಾರದ ಮೇಲೆಯೇ ಇರುತ್ತದೆ.

ಹೋದ ವಾರ ಡಬ್ಬಿ ತೆರೆದರೆ ಅರ್ಧ ರೊಟ್ಟಿ ಉಳಿದಿತ್ತು. ಪಲ್ಯದ ಬಟ್ಟಲು ತೊಳೆದಿರಲಿಲ್ಲ.

"ಇಷ್ಟು ಇಳೀಲಿಲ್ಲ ದೊಡ್ಡವ್ವಾ" ಎಂದಳು.

"ಇರಲಿ ಬಿಡವ್ವಾ."

ಅವಳು ಒಳಗೆ ಹೋದ ಮೇಲೆ ಒಲೆಯ ಮುಂದೆ ಕೂತು, ಒಣಗಿ ಸೆಟೆದಿದ್ದ ಆ ಅರ್ಧ ರೊಟ್ಟಿಯನ್ನು ನಾನು ಪೂರ್ತಿ ತಿಂದೆ.