ಯಾರ ಹೆಸರಿಗೆ ಎಷ್ಟು ಕೆ.ಜಿ.

ಪದ್ಮಯ್ಯ ಮೇಷ್ಟರು ಡಾಕ್ಟರ್ ಪದ್ಮಯ್ಯ ಆಗುವಷ್ಟರಲ್ಲಿ ನಲವತ್ತೇಳು ವರ್ಷ ದಾಟಿತ್ತು. ನಾಪೋಕ್ಲು ಹತ್ತಿರದ ಅವರ ಊರಿನಲ್ಲಿ ಸುದ್ದಿ ಹಬ್ಬಿದ ವಾರವೇ ಒಬ್ಬರು ಮಂಡಿನೋವಿಗೆ ಮಾತ್ರೆ ಕೇಳಿಕೊಂಡು ಬಂದರು. "ನಾನು ಆ ಡಾಕ್ಟರಲ್ಲ ಮಾರಾಯ್ರೇ" ಎಂದರೆ, "ಮತ್ತೆ ಎಂಥ ಡಾಕ್ಟರ್?" ಅಂದರಂತೆ. ಮೇಷ್ಟರು ಅರ್ಥಶಾಸ್ತ್ರ ಅಂದರೇನೆಂದು ವಿವರಿಸುವಷ್ಟರಲ್ಲಿ ಬಂದವರು ಕಾಫಿ ಕುಡಿದು ಹೋದರು.

ಅವರು ಪಾಠ ಮಾಡುತ್ತಿದ್ದ ವಿಶ್ವವಿದ್ಯಾಲಯಕ್ಕೆ ಎರಡು ಬಸ್ಸು ಹಿಡಿಯಬೇಕು, ಮಡಿಕೇರಿಯಲ್ಲಿ ಇಳಿದು ಹತ್ತಬೇಕು. ವಾಣಿಜ್ಯ ಮತ್ತು ಅರ್ಥಶಾಸ್ತ್ರ ನಿಕಾಯ ಅಂತ ಬೋರ್ಡೇನೋ ದೊಡ್ಡದು. ಒಳಗೆ ಕಾಯಂ ನೌಕರಿಯವರು ಇಬ್ಬರೇ: ಡೀನ್ ಜನಾರ್ದನ ಮತ್ತು ಪದ್ಮಯ್ಯ. ಉಳಿದ ಒಂಬತ್ತು ಮಂದಿ ಅತಿಥಿ ಉಪನ್ಯಾಸಕರು. ಹತ್ತು ವರ್ಷ ಪಾಠ ಮಾಡಿದವರೂ ಅತಿಥಿಗಳೇ! ಇಂಥ ಅತಿಥಿ ಸತ್ಕಾರ ಇನ್ನೆಲ್ಲಿದೆ ಹೇಳಿ. ವರ್ಷಕ್ಕೆರಡು ಸಲ "ಸಂಶೋಧನಾ ಸಾಮರ್ಥ್ಯ ವೃದ್ಧಿ ಕಾರ್ಯಾಗಾರ" ಎಂಬ ಬ್ಯಾನರ್ ಏರುತ್ತಿತ್ತು. ಹೊರಗಿನಿಂದ ಬಂದವರೊಬ್ಬರು ಪರದೆಯ ಮೇಲೆ ಏನೇನೋ ತೋರಿಸುತ್ತಿದ್ದರು, ಉಪ್ಪಿಟ್ಟು ತಿಂದು ಎಲ್ಲರೂ ಫೋಟೊಗೆ ನಿಲ್ಲುತ್ತಿದ್ದರು. ಮಾರನೆಯ ದಿನ ನೋಡಿದರೆ ಸಂಶೋಧನೆ ಮಾಡುವ ಒಬ್ಬ ವಿದ್ಯಾರ್ಥಿಯೂ ಇಲ್ಲ, ಮಾಡುತ್ತೇನೆ ಎಂದರೆ ಸೇರಿಸಿಕೊಳ್ಳಲು ಮಾನ್ಯತೆ ಪಡೆದ ಕೇಂದ್ರವೂ ಇಲ್ಲ.

ಪ್ರಿಯಾ ಬರುವ ತನಕ ಪದ್ಮಯ್ಯನವರೂ ಇದಕ್ಕೆ ತಲೆ ಕೆಡಿಸಿಕೊಂಡವರಲ್ಲ. ಅವಳು ಹುದಿಕೇರಿ ಕಡೆಯ ಒಂದು ಎಸ್ಟೇಟಿನ ಲೈನ್ ಮನೆಯ, ಅಂದರೆ ಕೂಲಿಯವರ ಸಾಲುಮನೆಯ, ಹುಡುಗಿ. ತಾಯಿ ದೊಡ್ಡಿ ಮತ್ತು ತಂದೆ, ಇಬ್ಬರೂ ಅದೇ ತೋಟದಲ್ಲಿ ಕೆಲಸಕ್ಕಿದ್ದವರು. ಎಂ.ಎ.ಯಲ್ಲಿ ಎಲ್ಲರಿಗಿಂತ ಮುಂದಿದ್ದ ಪ್ರಿಯಾ, ಮೇಷ್ಟರು ಬೋರ್ಡಿನ ಮೇಲೆ ಗೆರೆ ಎಳೆಯುತ್ತಿದ್ದಾಗ ಎದ್ದು, "ಸರ್, ಇದು ನಮ್ಮ ತೋಟಕ್ಕೆ ಕೂರಲ್ಲ" ಅನ್ನುವವಳು. ಮೇಷ್ಟರಿಗೆ ಖುಷಿಯೋ ಖುಷಿ. ಮೈಸೂರಿಗೋ ಮಂಗಳೂರಿಗೋ ಹೋಗಿ ಐದು ವರ್ಷ ಪಿಎಚ್.ಡಿ. ಮಾಡುವ ಅನುಕೂಲ ಅವಳಿಗಿರಲಿಲ್ಲ. ಇಲ್ಲೇ ಸಂಶೋಧನಾ ಕೇಂದ್ರವಾದರೆ ಓದುತ್ತಾಳೆ, ಆಗದಿದ್ದರೆ ಇಲ್ಲ. ಕೇಂದ್ರವಾಗಬೇಕಾದರೆ ನಿಕಾಯದವರೇ ಮಾಡಿದ ಒಂದು ಅಧ್ಯಯನವನ್ನು ಒಳ್ಳೆಯ ಪತ್ರಿಕೆಯೊಂದು ಡಿಸೆಂಬರ್ ಒಳಗೆ ಒಪ್ಪಿರಬೇಕಿತ್ತು.

ಪದ್ಮಯ್ಯ ಟೊಂಕ ಕಟ್ಟಿ ನಿಂತರು. ಕಾಫಿ ಕುಯ್ಯುವ ಹೆಂಗಸರ ದುಡಿಮೆಯ ಮೇಲೆ ಅಧ್ಯಯನ. ಕುಯ್ಲು, ಅಂದರೆ ಪಿಕ್ಕಿಂಗ್, ಮುಗಿಯುತ್ತಿದ್ದ ಮಾರ್ಚ್‌ನಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹದಿನಾಲ್ಕು ಎಸ್ಟೇಟು ಸುತ್ತಿದರು. ಪ್ರಶ್ನಾವಳಿಯನ್ನು ಅವರೇ ಬರೆದಿದ್ದರು, ಹೇಗೆ ಕೇಳಬೇಕೆಂದು ಅವರೇ ಕಲಿಸಿದರು. ಬಸ್ಸು ತಪ್ಪಿಸಿಕೊಂಡು, ಉಣ್ಣಿ ಕಚ್ಚಿಸಿಕೊಂಡು ಮನೆಗೆ ಬಂದರೆ ಹೆಂಡತಿ ಬೊಳ್ಳಮ್ಮ, "ನಿಮ್ಗೊಬ್ರಿಗೆ ಎಂಥಕೆ ಇಷ್ಟು ತಲೆಬಿಸಿ? ಬೇರೆ ಯಾರ್ಗೂ ಇಲ್ಲೆ" ಎನ್ನುತ್ತಿದ್ದರು. ಮೇಷ್ಟರು ಕಾಲಿಗೆ ಸುಣ್ಣ ಹಚ್ಚಿಕೊಳ್ಳುತ್ತಾ ನಗುತ್ತಿದ್ದರು. ಅಷ್ಟು ಸಂತೋಷವಾಗಿ ಅವರು ಯಾವ ವರ್ಷವೂ ಇರಲಿಲ್ಲ.

ಸೆಪ್ಟೆಂಬರಿನಲ್ಲಿ, ಲೇಖನ ಕಳಿಸಿದ್ದ ಪತ್ರಿಕೆಯಿಂದ ಪತ್ರ ಬಂತು. ಪರಿಶೀಲಿಸಿದವರು ಎಲ್ಲಿಯವರೋ, ಯಾರೋ, ಆದರೆ ಲೇಖನವನ್ನು ಕಣ್ಣಿಟ್ಟು ಓದಿದ್ದರು. ಪತ್ರದಲ್ಲಿ ಇದ್ದುದು ಇಷ್ಟು: "ಕಾಫಿ ಕುಯ್ಯುವುದು ಹೆಚ್ಚಾಗಿ ಹೆಂಗಸರೇ ಎನ್ನುತ್ತೀರಿ. ನಿಮ್ಮದೇ ಕೋಷ್ಟಕದಲ್ಲಿ ಮದುವೆಯಾದ ನೂರ ನಲವತ್ತಾರು ಹೆಂಗಸರು ಒಂದು ಕೆ.ಜಿ.ಯನ್ನೂ ಕುಯ್ದಿಲ್ಲ. ಯಾವುದು ನಿಜ?"

ಮೇಷ್ಟರು ಕೋಷ್ಟಕ ತೆಗೆದು ಮತ್ತೆ ನೋಡಿದರು. ಎರಡೂ ನಿಜವಾಗಿತ್ತು. ಆ ತೋಟಗಳಲ್ಲಿ ಗಂಡ ಹೆಂಡತಿ ಜೊತೆಗೆ ಕುಯ್ದು ಒಂದೇ ಚೀಲಕ್ಕೆ ತುಂಬುತ್ತಾರೆ. ಸಂಜೆ ತೂಕ ಹಾಕುವಾಗ ತೋಟದ ಗುಮಾಸ್ತ, ಅಂದರೆ ರೈಟರ್, ಅದನ್ನು ಗಂಡನ ಹೆಸರಿಗೆ ಬರೆಯುತ್ತಾನೆ. ಮನೆಮನೆಯಲ್ಲೂ ಗಂಡನಿಗೂ ಹೆಂಡತಿಗೂ ಮೇಷ್ಟರು ಕೇಳಿಸಿದ್ದ ಪ್ರಶ್ನೆ, "ಈ ಸೀಸನ್ನಿನಲ್ಲಿ ನಿಮ್ಮ ಹೆಸರಿಗೆ ಎಷ್ಟು ಕೆ.ಜಿ. ಬಿದ್ದಿದೆ?" ಹೆಂಗಸರು ಸತ್ಯವನ್ನೇ ಹೇಳಿದ್ದರು: ಏನೂ ಇಲ್ಲ. ಈ ಪದ್ಧತಿ ಗೊತ್ತಿಲ್ಲದವರು ಅಲ್ಲಿ ಒಬ್ಬರೂ ಇರಲಿಲ್ಲ. ಅದಕ್ಕೇ ಯಾರಿಗೂ ಅದು ಬರೆಯಬೇಕಾದ ವಿಷಯ ಅನ್ನಿಸಿರಲಿಲ್ಲ. ಹೊರಗಿನವನೊಬ್ಬ ಪ್ರಶ್ನಾವಳಿ ಮಾಡಿದ್ದರೆ ಇಂಥ ತಪ್ಪು ಮಾಡುತ್ತಿರಲಿಲ್ಲವೇನೋ!

ಮಾರನೆಯ ದಿನವೇ ಅವರು ಹುದಿಕೇರಿಗೆ ಓಡಿದರು. ಪ್ರಿಯಾಳ ತಾಯಿ ದೊಡ್ಡಿ ತೋಟದಲ್ಲಿ ಕಳೆ ತೆಗೆಯುತ್ತಿದ್ದಳು. "ಚೀಲದಲ್ಲಿ ನಿನ್ನ ಪಾಲು ಎಷ್ಟಮ್ಮ?" ಎಂದು ಕೇಳಿದರೆ ನಕ್ಕುಬಿಟ್ಟಳು.

"ಚೀಲ ಒಂದೇ ಅಲ್ವಾ ಸಾ. ಹಣ್ಣಿನ ಮೇಲೆ ಹೆಸ್ರು ಬರ್ದಿರ್ತದಾ?"

ಬೇರೆ ಬೇರೆ ಚೀಲ ಕೊಟ್ಟು, ದಿನವೂ ಪಕ್ಕದಲ್ಲಿ ನಿಂತು ತೂಗಿಸಬೇಕು, ಬೇರೆ ದಾರಿಯಿಲ್ಲ. ಅಲ್ಲಿನ ರೊಬಸ್ಟಾ ಕಾಫಿಯ ಕುಯ್ಲು ಶುರುವಾಗುವುದು ಜನವರಿಗೆ, ಗಡುವು ಇದ್ದುದು ಡಿಸೆಂಬರಿಗೆ. ಮೇಷ್ಟರು ಡೀನರ ಮುಂದೆ ಹೋಗಿ ಕೈಚೆಲ್ಲಿ ಕೂತರು.

ಜನಾರ್ದನ ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಅಲ್ಲ ಪದ್ಮಯ್ಯ, ಇದಕ್ಕೆ ಯಾಕೆ ಇಷ್ಟು ಒದ್ದಾಟ? ಗಂಡನ ಹೆಸರಲ್ಲಿರೋದನ್ನ ಅರ್ಧ ಮಾಡಿ ಹೆಂಡತಿಗೆ ಹಾಕಿ. ವಿಚಾರಿಸಿ ತಿದ್ದಿದೆವು ಅಂತ ಒಂದು ಸಾಲು ಬರೆಯಿರಿ. ಯಾರಿಗೆ ಅನ್ಯಾಯ ಆಗ್ತದೆ? ಆ ಹುಡುಗಿಗಾದ್ರೂ ಒಂದು ದಾರಿಯಾಗ್ಲಿ" ಎಂದರು.

ಒಂದು ವಾರ ಮೇಷ್ಟರು ಊಟ ಸೇರದೆ ಓಡಾಡಿದರು. ಒಂದು ಶನಿವಾರ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತು ನೂರ ನಲವತ್ತಾರು ಮನೆಗಳನ್ನು ಅರ್ಧರ್ಧ ಮಾಡಿದರು. ಕೆಲಸ ನಿಮಿಷದೊಳಗೆ ಮುಗಿಯಿತು. ಇಷ್ಟು ಬೇಗ ಮುಗಿದದ್ದೇ ಅವರಿಗೆ ಹೇಸಿಗೆಯಾಯಿತು. ಆದರೂ ಕಳಿಸಿದರು. ನವೆಂಬರಿನಲ್ಲಿ ಲೇಖನ ಒಪ್ಪಿಗೆಯಾಯಿತು, ಮಾನ್ಯತೆಯೂ ಬಂತು, ಕೋಣೆಗೆ ಬೋರ್ಡು ಬಿತ್ತು. ಜನಾರ್ದನ ಎಲ್ಲರಿಗೂ ಜಿಲೇಬಿ ಹಂಚಿದರು.

ಮೊದಲ ಅರ್ಜಿ ಪ್ರಿಯಾಳದು. ಮೇಷ್ಟರು ಹೆಮ್ಮೆಯಿಂದ ಅಧ್ಯಯನದ ಮಾಹಿತಿಯನ್ನೆಲ್ಲ ಅವಳಿಗೆ ಒಪ್ಪಿಸಿ, "ಇದರ ಮೇಲೇ ನಿನ್ನ ಪಿಎಚ್.ಡಿ. ಕಟ್ಟು ಮಗಾ" ಎಂದರು. ಅವಳು ಕೂತು ನೋಡಿದಳು. ಎಂಬತ್ತೇಳನೆಯದು ಅವಳ ಮನೆ, ಆ ಫಾರಂ ತುಂಬಿದವಳೂ ಅವಳೇ.

"ಸರ್, ಇದರಲ್ಲಿ ಅಪ್ಪನಿಗೆ ಅರ್ಧ ಇದೆ."

"ಹೂಂ, ಅದು ಒಂದು ಅಂದಾಜು..."

"ಆ ಸೀಸನ್ ಪೂರ್ತಿ ಅಪ್ಪ ಕರಿಮೆಣಸಿನ ಬಳ್ಳಿ ಏಣಿಯಿಂದ ಬಿದ್ದು ಕಾಲು ಮುರ್ಕೊಂಡು ಲೈನಲ್ಲೇ ಮಲಗಿದ್ದ. ಒಂದು ಹಣ್ಣೂ ಕುಯ್ದಿಲ್ಲ. ರೈಟರ್ ಅಭ್ಯಾಸದಲ್ಲಿ ಅವನ ಹೆಸ್ರಿಗೇ ಬರ್ದ. ಅಷ್ಟೂ ಅಮ್ಮಂದು. ಅಮ್ಮ ನಿಮ್ಗೆ ಹೇಳ್ಲಿಲ್ವಾ?"

"ಆ ವರ್ಷ ಯಾರು ಕುಯ್ದದ್ದು ಅಂತ ನಾನು ಕೇಳಲಿಲ್ಲ" ಎಂದರು ಮೇಷ್ಟರು.

"ನಾನೂ ಕೇಳ್ಲಿಲ್ಲ ಸರ್. ನಮ್ಮಮ್ಮನ ಮುಂದೆ ಕೂತ್ಕೊಂಡು ನಾನೇ ಸೊನ್ನೆ ಬರ್ದೆ. ಅವಳ ಕೈ ನೋಡಿದ್ರೆ ಸಾಕಿತ್ತು." ಪ್ರಿಯಾ ಎದ್ದು ನಿಂತಳು. "ಆದ್ರೆ ಅದು ಗೊತ್ತಾಗ್ದೆ ಮಾಡಿದ್ದು. ಇದು ಹಂಗಲ್ಲ. ಇದ್ರ ಮೇಲೆ ನಾನು ಏನೂ ಕಟ್ಟಲ್ಲ."

ಮೇಷ್ಟರು ಬೇಡಿಕೊಂಡರು, ನಿಜವಾಗಿಯೂ ಬೇಡಿಕೊಂಡರು. "ಜನವರಿಗೆ ಸರಿಯಾಗಿ ತೂಗಿಸೋಣ ಮಗಾ, ಇಬ್ಬರೂ ಸೇರಿ ತಿದ್ದೋಣ. ಈಗ ಹೆಸರು ಮಾತ್ರ ನೋಂದಾಯಿಸು."

"ಜನವರಿಗೆ ನಾನೇ ಪಿಕ್ಕಿಂಗ್‌ಗೆ ಹೋಗ್ಬೇಕು ಸರ್. ಅಪ್ಪನ ಕಾಲು ಸರಿಯಾಗ್ಲಿಲ್ಲ, ಅಮ್ಮನಿಗೂ ಇನ್ನು ಕೈಲಾಗಲ್ಲ. ಓದೋದಕ್ಕಾದ್ರೆ ಹೇಗಾದ್ರೂ ಮಾಡಿ ತಡೀಬೋದು ಅಂದಿದ್ಲು. ಇದಕ್ಕೆ ತಡಿ ಅಂತ ಅವಳಿಗೆ ಏನಂತ ಹೇಳ್ಲಿ?"

ಅರ್ಜಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು, "ಬರ್ತೀನಿ ಸರ್" ಎಂದು ಎಂದಿನ ಹಾಗೆಯೇ ಹೇಳಿ ಹೋದಳು. ಆ ವರ್ಷ ಬೇರೆ ಯಾರೂ ಅರ್ಜಿ ಹಾಕಲಿಲ್ಲ. ಲೇಖನ ಹಿಂದಕ್ಕೆ ತೆಗೆದುಕೊಂಡರೆ ಕೇಂದ್ರ ಹೋಗುತ್ತದೆ ಎಂದು ಜನಾರ್ದನ ಹೇಳಿದ್ದಾರೆ. ಪದ್ಮಯ್ಯ ಮೇಷ್ಟರು ಇವತ್ತಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ.