ನೋವು ಹೇಳಲು ಬಾರದ ಆರ್ಲಿನ್

ನನ್ನ ತಮ್ಮ ಆರ್ಲಿನ್ ಅಮೆರಿಕದ ಮಿನೆಸೋಟಾದ ಡೈರಿಗಳಿಂದ ಹಾಲಿನ ಟ್ಯಾಂಕರ್ ಓಡಿಸಿಯೇ ವಯಸ್ಸು ಕಳೆದವನು. ಹಿಮಗಾಳಿ ಬೀಸುತ್ತಿದ್ದರೂ ‘ಹಸು ರಜಾ ಹಾಕುತ್ತಾ?’ ಎಂದು ಕೇಳಿ ಹೊರಟುಬಿಡುತ್ತಿದ್ದ. ಒಮ್ಮೆ ಕಬ್ಬಿಣದ ಮುಚ್ಚಳ ಬಿದ್ದು ಕಾಲ್ಬೆರಳು ಮುರಿದಾಗಲೂ ಸುತ್ತು ಪೂರ್ತಿ ಮುಗಿಸಿಕೊಂಡೇ ಊಟಕ್ಕೆ ಬಂದ. ನಮ್ಮ ಜನವೇ ಹಾಗೆ. ಹೇಗಿದ್ದೀಯ ಎಂದರೆ ‘ಪರವಾಗಿಲ್ಲ’ ಅನ್ನಬೇಕು, ಅಷ್ಟೆ. ಅದಕ್ಕಿಂತ ಒಂದು ಮಾತು ಹೆಚ್ಚು ಆಡಿದವನನ್ನು ಚರ್ಚಿನಲ್ಲಿ ಕಾಫಿ ಕುಡಿಯುವಾಗ ಎಲ್ಲರೂ ಸೇರಿ ಆಡಿಕೊಳ್ಳುತ್ತೇವೆ.

ಅವನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂತು. ಗಂಡಸಿನ ಹಾರ್ಮೋನನ್ನೇ ಅಡಗಿಸಿ ಗಡ್ಡೆಯನ್ನು ಉಪವಾಸ ಕೆಡವುವ ಇಂಜೆಕ್ಷನ್ ಶುರುವಾಯಿತು. ಜನವರಿಯ ಕೊರೆಯುವ ಚಳಿಯಲ್ಲೂ ಅಂಗಿ ಬೆವರಿನಿಂದ ತೊಯ್ದುಹೋಗುತ್ತಿತ್ತು. “ಹೆಂಗಸರ ಕಷ್ಟ ಈಗ ಗೊತ್ತಾಯ್ತು ವರ್ನಾ. ನಂಗೂ ಮುಟ್ಟು ನಿಲ್ಲೋ ಕಾಲ ಬಂತು ನೋಡು,” ಎಂದು ಅಕ್ಕನಾದ ನನ್ನ ಮುಂದೆ ನಕ್ಕಿದ್ದ.

ಆಮೇಲೆ ರೋಗ ಮೂಳೆಗೆ ಇಳಿಯಿತು. ಇಂಜೆಕ್ಷನ್ ಜೊತೆಗೆ ಹೊಸ ಹಾರ್ಮೋನ್ ಮಾತ್ರೆಯೂ ಬೇಕೇ ಬೇಕು ಎಂದರು ಡಾಕ್ಟರು. ಅದನ್ನು ಕೈಯಿಂದ ದುಡ್ಡು ಹಾಕಿ ಕೊಳ್ಳಬೇಕೆಂದರೆ ಮನೆ ಮಾರಬೇಕು. ಇನ್ಶೂರೆನ್ಸ್ ಕಂಪನಿಯವರು ಒಪ್ಪಿದರೆ ಮಾತ್ರ ಉಂಟು. ಕಂಪನಿಯ ನರ್ಸ್ ವಿಚಾರಿಸಲು ಫೋನ್ ಮಾಡಿದಳು. ನಾನು ಅಲ್ಲೇ ಕೂತಿದ್ದೆ.

“ನೋವು ಇದೆಯಾ ಸರ್?”

“ಪರವಾಗಿಲ್ಲ.”

“ನಿದ್ದೆ ಬರುತ್ತಾ?”

“ನನಗಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇದ್ದಾರೆ ಬಿಡಮ್ಮ. ನಿಮ್ಮ ಕಡೆ ಹಿಮ ಬಿತ್ತಾ?”

ಮಹಾನುಭಾವ! ಕಂಪನಿಯವರು ಆಗಲ್ಲ ಎಂದುಬಿಟ್ಟರು. ಈ ಮನುಷ್ಯನಿಗೆ ಅಂಥ ತೊಂದರೆಯೇನೂ ಕಾಣುವುದಿಲ್ಲ, ಸದ್ಯಕ್ಕೆ ಇಂಜೆಕ್ಷನ್ ಸಾಕು, ಕಾದು ನೋಡೋಣ ಎಂದರು. ಡಾಕ್ಟರು ಜಗಳಕ್ಕೆ ಹೋದರೆ ಅವರ ಬಾಯಿಯೂ ಕಟ್ಟಿತು. ಅವರ ಮುಂದೆಯೂ ಇವನು ಪ್ರತಿ ಸಲ ‘ಪರವಾಗಿಲ್ಲ’ ಎಂದೇ ಹೇಳಿಬಂದಿದ್ದ. ಇನ್ನು ಉಳಿದಿದ್ದು ಕೊನೆಯ ಮೇಲ್ಮನವಿ. ಕಂಪನಿಗೆ ಸೇರದ ಅಧಿಕಾರಿಯೊಬ್ಬರು ಫೋನಿನಲ್ಲೇ ಅವನ ಮಾತು ಕೇಳುತ್ತಾರೆ.

ನನಗೆ ಮೈಯೆಲ್ಲ ಉರಿದುಹೋಯಿತು. “ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರೆ. ನಿನ್ನ ಬಾಯಿ ಇರೋದು ಆ್ಯಪಲ್ ಪೈ ತಿನ್ನೋಕೆ ಮಾತ್ರನಾ?” ಎಂದೆ.

“ಕಂಡೋರ ಮುಂದೆ ಗೋಳು ತೋಡ್ಕೊಳ್ಳೋದಾ ವರ್ನಾ?”

“ತೋಡ್ಕೋ. ಸಾಯೋದಕ್ಕಿಂತ ವಾಸಿ.”

ಅವನು ಬೂಟು ಎತ್ತಿಕೊಂಡು ಗ್ಯಾರೇಜಿನ ಕಡೆ ಹೊರಟ.

ಮೇಲ್ಮನವಿಯ ದಿನ ಅಡುಗೆಮನೆಯ ಮೇಜಿನ ಸುತ್ತ ಮೂವರೂ ಕೂತೆವು, ನಾನು, ಅವನು, ಅವನ ಹೆಂಡತಿ ಆರ್ಡಿಸ್. ಫೋನಿನಲ್ಲಿ ಒಬ್ಬ ಹೆಂಗಸಿನ ದನಿ. “ಅವಸರ ಇಲ್ಲ. ನಿಮ್ಮ ದಿನ ಹೇಗೆ ಕಳೆಯುತ್ತೆ, ನೀವೇ ಹೇಳಿ,” ಎಂದರು. ಆರ್ಲಿನ್ ಬಾಯಿ ತೆರೆದ. ಆರ್ಡಿಸ್ ಮುಖ ನೋಡಿದ, ಮತ್ತೆ ಬಾಯಿ ಮುಚ್ಚಿದ. ನಾನು ಕೆಕ್ಕರಿಸಿ ನೋಡಿದೆ.

“ಆರ್ಡಿಸ್, ಕಾಫಿಗೆ ಸ್ವಲ್ಪ ಕ್ರೀಮ್ ತರ್ತೀಯಾ?” ಎಂದ.

ಕ್ರೀಮ್ ಅವನ ಮುಂದೆಯೇ ಇತ್ತು. ಅವಳು ಅದನ್ನು ನೋಡಿ, ಅವನನ್ನು ನೋಡಿ, ಎದ್ದು ಹೊರಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಲಿಲ್ಲ.

ಆಗ ಅವನು ಹೇಳಿದ. ಹಾಲಿನ ಲೆಕ್ಕ ಒಪ್ಪಿಸುವವನ ಹಾಗೆ ದನಿ ಏರಿಸದೆ, ಇಳಿಸದೆ ಹೇಳಿದ. ಸೊಂಟ ಮುರಿದು ಬಿದ್ದ ಹಾಗಾಗುತ್ತೆ ಎಂದ. ಬೂಟು ಹಾಕಿಕೊಳ್ಳಲು ಗ್ಯಾರೇಜಿಗೆ ಹೋಗುತ್ತೇನೆ, ಅಲ್ಲಾದರೆ ಅತ್ತರೂ ಯಾರಿಗೂ ಕೇಳಿಸುವುದಿಲ್ಲ ಎಂದ. “ಮಲಗಿದಾಗ ಹೆಂಡತಿ ಕೈ ತಾಕಿದ್ರೂ ತಡ್ಕೊಳ್ಳೋಕಾಗಲ್ಲ ಮೇಡಂ. ಗೊರಕೆ ಬರುತ್ತೆ ಅಂತ ನೆಪ ಹೇಳಿ ಕುರ್ಚೀಲಿ ಮಲಗ್ತೀನಿ. ಇಂಜೆಕ್ಷನ್ ತಗೊಂಡ ಮೇಲೆ ಇವನಿಗೆ ನಾನು ಬೇಡವಾದೆ ಅಂತ ಅವಳು ಅಂದ್ಕೊಂಡಿದ್ದಾಳೆ. ಅಂದ್ಕೊಳ್ಳಲಿ. ನೋವು ಅಂತ ಗೊತ್ತಾದ್ರೆ ಅವಳು ಊಟ ಬಿಡ್ತಾಳೆ.”

ನನ್ನ ತಮ್ಮ, ನಾನು ಎತ್ತಿ ಆಡಿಸಿದವನು. ನನಗೂ ಇದರಲ್ಲಿ ಒಂದಕ್ಷರ ಗೊತ್ತಿರಲಿಲ್ಲ.

ಫೋನಿನ ಹೆಂಗಸು, “ಇದನ್ನ ಮೊದಲೇ ಯಾರಿಗೂ ಯಾಕೆ ಹೇಳಲಿಲ್ಲ?” ಎಂದರು.

“ಯಾರೂ ಇಷ್ಟು ಹೊತ್ತು ಕಾಯಲಿಲ್ಲ,” ಎಂದ.

ಮಾತ್ರೆ ಕಂಪನಿಯೇ ಕೊಡಬೇಕು ಎಂದು ಆಕೆ ಆಗಲೇ ತೀರ್ಪು ಕೊಟ್ಟರು. ನಾನು ಮೇಜು ಕುಟ್ಟಿ ನಗಬೇಕಿತ್ತು, ನಗು ಬರಲಿಲ್ಲ. ಬಾಗಿಲ ಸಂದಿಯಲ್ಲಿ ಆರ್ಡಿಸ್ ನಿಂತಿದ್ದಳು. ಬಂದು ಅವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಮುಟ್ಟಲು ಕೈ ಎತ್ತಿದವಳು ಹಾಗೇ ಹಿಂದಕ್ಕೆ ಎಳೆದುಕೊಂಡಳು.

“ಎಲ್ಲಿ ಮುಟ್ಟಿದ್ರೆ ನೋಯಲ್ಲ, ಹೇಳು,” ಎಂದಳು.

ಅವನು ತುಂಬ ಹೊತ್ತು ಯೋಚಿಸಿ, ಎಡಗೈಯ ಕಿರುಬೆರಳನ್ನು ಅವಳ ಮುಂದೆ ಚಾಚಿದ.

ಮಾತ್ರೆ ಬರುವಷ್ಟರಲ್ಲಿ ತಡವಾಗಿತ್ತು. ಮೊದಲ ಹಿಮ ಬೀಳುವವರೆಗೆ ನುಂಗಿದ, ಅಷ್ಟೇ ಆಯಸ್ಸು. ಅಲ್ಲಿಯವರೆಗೂ ಅವಳು ಆ ಬೆರಳು ಹಿಡಿದುಕೊಂಡು ಅವನ ಪಕ್ಕದಲ್ಲೇ ಕೂತಿರುತ್ತಿದ್ದಳು.